ಏಳನೇ ಬೋರಿನ ಹೆಪ್ಪು

ಸುಣ್ಣದಹಾಳದಲ್ಲಿ ಬೀದಿದೀಪ ಕೈಕೊಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವು ಇರುವುದೇ ಕೈಕೊಡುವುದಕ್ಕೆ ಎಂದು ಊರವರು ಎಂದೋ ತೀರ್ಮಾನಿಸಿದ್ದರು. ಆದರೆ ಊರ ಮೂಡಲ ಅಂಚಿನ ಹೊಲ, ಹಿತ್ತಲುಗಳಲ್ಲಿ ಸಾಲಾಗಿ ಕೊರೆದಿದ್ದ ಹನ್ನೆರಡು ಬೋರುಗಳ ದೀಪದ ಮಾತು ಬೇರೆ. ಹೆಬ್ಬೆರಳು ಗಾತ್ರದ ಆ ನೀಲಿ ದೀಪಗಳಿಗೆ ಕರೆಂಟಿನ ತಂತಿ ಇರಲಿಲ್ಲ, ಸೋಲಾರ್ ಹಲಗೆ ಇರಲಿಲ್ಲ. ನೆಲದೊಳಗೆ ಬದುಕಿದ್ದ ಬ್ಯಾಕ್ಟೀರಿಯಾಗಳೇ ಹಗಲೂ ರಾತ್ರಿ ಅವನ್ನು ಉರಿಸುತ್ತಿದ್ದವು.

ಊರಿನಿಂದ ಮೂಡಲಿಗೆ ಹೋದರೆ ಹಳೆಯ ಯುರೇನಿಯಂ ಗಣಿ. ಅದು ಮುಚ್ಚಿ ಒಂದು ತಲೆಮಾರು ಕಳೆದಿತ್ತು. ಕಂಪನಿಯವರು ಗೇಟಿಗೆ ಬೀಗ ಜಡಿದು ಹೋದರು. ಅದಿರು ತೊಳೆದ ರಾಡಿಯ ಹೊಂಡವನ್ನು ಮಾತ್ರ ಊರಿಗೆ ಬಿಟ್ಟು ಹೋದರು. ಹೊಂಡದ ಯುರೇನಿಯಂ ಮಳೆನೀರಿನ ಜೊತೆ ನೆಲಕ್ಕಿಳಿಯಿತು. ಬೇರೆ ನೆಲವಾಗಿದ್ದರೆ ಅಲ್ಲಲ್ಲೇ ಮಣ್ಣಿಗಂಟಿ ನಿಲ್ಲುತ್ತಿತ್ತೋ ಏನೋ. ಇಲ್ಲಿಯದು ಸುಣ್ಣಕಲ್ಲಿನ ನೆಲ. ಸುಣ್ಣಕಲ್ಲು ಕರಗಿದ ನೀರು ಯುರೇನಿಯಮ್ಮನ್ನು ಕೈಹಿಡಿದು ದೂರದವರೆಗೂ ನಡೆಸಿಕೊಂಡು ಹೋಗುತ್ತದೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿದವರ ಮೂತ್ರಪಿಂಡಕ್ಕೆ ಮಾತ್ರ ವಿಷಯ ಗೊತ್ತಾಗುತ್ತದೆ, ಅದೂ ತಡವಾಗಿ.

ನೀರಿನಲ್ಲಿ ಕರಗಿದ ಯುರೇನಿಯಂ ಎಂದರೆ ತನ್ನ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಲೆಯುವ ಯುರೇನಿಯಂ. ಅದಕ್ಕೆ ಎರಡು ಎಲೆಕ್ಟ್ರಾನು ವಾಪಸು ಕೊಟ್ಟರೆ ಸಾಕು, ಕರಗುವುದನ್ನು ಬಿಟ್ಟು ಕಪ್ಪು ಪುಡಿಯಾಗಿ ಮರಳಿನ ಕಣಕ್ಕೆ ಅಂಟಿ ಕೂರುತ್ತದೆ. ಕೊಡುವವರು ಗಾಳಿಯೇ ಇಲ್ಲದ ಆಳದಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು. ನಾವು ಉಂಡ ರೊಟ್ಟಿಯ ಎಲೆಕ್ಟ್ರಾನುಗಳನ್ನು ಉಸಿರಿನ ಆಮ್ಲಜನಕಕ್ಕೆ ಒಪ್ಪಿಸಿ ಬದುಕುತ್ತೇವೆ. ಅವುಗಳಿಗೆ ಆಮ್ಲಜನಕವೆಂದರೆ ಆಗದು. ಅವು ಕಬ್ಬಿಣದ ತುಕ್ಕಿಗೋ ಯುರೇನಿಯಮ್ಮಿಗೋ ಒಪ್ಪಿಸುತ್ತವೆ. ಅದೇ ಅವುಗಳ ಉಸಿರಾಟ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ತೆಳ್ಳಗೆ ಕಲಸಿ ಬೋರಿಗಿಳಿಸಿದರೆ ಉಂಡು, ಹೆಚ್ಚಿ, ಗಣಿಯ ಕಡೆಯಿಂದ ಬರುವ ನೀರಿಗೆ ಅಡ್ಡಲಾಗಿ ಬೇಲಿಯಂತೆ ನಿಲ್ಲುತ್ತವೆ. ಬೋರಿನೊಳಗೆ ಇಳಿಬಿಟ್ಟ ಗ್ರಾಫೈಟ್ ಕೋಲು ಅವುಗಳ ಎಲೆಕ್ಟ್ರಾನುಗಳಲ್ಲಿ ಒಂದು ಪಾಲು ಕದ್ದು ಮೇಲಕ್ಕೆ ತರುತ್ತದೆ. ದೀಪ ಉರಿದರೆ ಕೆಳಗೆ ಉಸಿರಾಟ ನಡೆದಿದೆ ಎಂದು ಅರ್ಥ.

ಈ ಬೇಲಿ ಕಾಯುತ್ತಿದ್ದವಳು ನೀಲಾಂಬಿಕಾ. ಶುದ್ಧಿ ಪ್ರಾಧಿಕಾರ ಎಂಬ ಸರಕಾರಿ ಸಂಸ್ಥೆಯ ಸೂಕ್ಷ್ಮಜೀವಿ ತಜ್ಞೆ. ಮುಚ್ಚಿದ ಗಣಿಯ ಗೇಟಿನ ಪಕ್ಕ ನಿಲ್ಲಿಸಿದ್ದ ಹಳೆಯ ಕಂಟೇನರೇ ಅವಳ ಕಂಟ್ರೋಲ್ ರೂಮು. ಅವಳು ಹುಟ್ಟಿದ ಹಾಲಭಾವಿ ಹೊಂಡದ ಆಚೆ ಬದಿಗಿತ್ತು. ಅಲ್ಲಿ ನೀರು ಕೆಟ್ಟಾಗ ಇಂಥ ಬೇಲಿ ಹಾಕುವ ವಿದ್ಯೆ ಯಾರಿಗೂ ತಿಳಿದಿರಲಿಲ್ಲ. ಊರನ್ನೇ ಎತ್ತಿ ಹೆದ್ದಾರಿ ಪಕ್ಕದ ಕಾಲೊನಿಗೆ ಹಾಕಿದರು. ಅವಳು ಬೆಳೆದದ್ದು ಊರಿನಲ್ಲಲ್ಲ, ಬ್ಲಾಕ್ ಸಿ ಎಂಬ ವಿಳಾಸದಲ್ಲಿ. ಅವಳ ತಾಯಿಗೆ ಇವತ್ತಿಗೂ ಯಾರಾದರೂ ಊರು ಯಾವುದೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ಸುಣ್ಣದಹಾಳಕ್ಕೂ ಅದೇ ಆದೇಶ ತಯಾರಾಗಿತ್ತು. ಮಳೆಗಾಲ ಮುಗಿಯುತ್ತಲೇ ತಪಾಸಣೆ; ಊರ ಬಾವಿಯಲ್ಲಿ ಯುರೇನಿಯಂ ಮಿತಿಯೊಳಗಿದ್ದರೆ ಊರು ಉಳಿಯುತ್ತದೆ, ಇಲ್ಲದಿದ್ದರೆ ಬ್ಲಾಕ್ ಡಿ. ಇನ್ನೊಂದು ಊರನ್ನು ಆ ಕಾಲೊನಿಗೆ ಕಳಿಸುವುದಿಲ್ಲ ಎಂದು ನೀಲಾಂಬಿಕಾ ಹಟ ಹಿಡಿದಿದ್ದಳು. ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೆ ಹಟ ಸವೆಯುತ್ತದೆ ಎಂದು ಅವಳ ನಂಬಿಕೆ.

ಪಂಚಮಿ ಮುಗಿದ ವಾರ, ಒಂದು ಮುಂಜಾನೆ ಅವಳು ಕಂಟೇನರಿನ ಬಾಗಿಲು ತೆಗೆದು ಪರದೆ ನೋಡಿದಾಗ ಒಂದನೇ ಬೋರಿನ ಗೆರೆ ನೆಲಕಚ್ಚಿತ್ತು. ತಂತಿ ಬಿಟ್ಟಿರಬೇಕು ಎಂದುಕೊಂಡಳು. ಎರಡನೆಯದೂ ಮಲಗಿತ್ತು. ಮೂರು, ನಾಲ್ಕು, ಐದು ಎಂದು ನೋಡುತ್ತಾ ಹೋದವಳು ಕೊನೆಯವರೆಗೆ ನೋಡುವ ತಾಳ್ಮೆಯಿಲ್ಲದೆ ಸ್ಕೂಟರ್ ಹತ್ತಿದಳು.

ಮೊದಲ ಬೋರಿನ ಹತ್ತಿರ ಹೋಗುವ ಮೊದಲೇ ಮೂಗಿಗೆ ವಾಸನೆ ಹೊಡೆಯಿತು. ಬ್ಲೀಚಿಂಗ್ ಪೌಡರ್.

ಪಂಚಾಯ್ತಿ ವಾಟರ್‌ಮನ್ ಹುಲಗಪ್ಪ ಖಾಲಿ ಚೀಲ ಝಾಡಿಸುತ್ತಾ ನಿಂತಿದ್ದ. ಅವಳನ್ನು ಕಂಡು ಮುಖ ಅರಳಿಸಿದ. "ಏನೂ ಚಿಂತಿ ಮಾಡಬ್ಯಾಡ್ರಿ ಅಕ್ಕೋರ. ನಿನ್ನಿ ಸಂಜಿಗೇ ಎಲ್ಲಾ ಬೋರಿಗೂ ಹಾಕೀವಿ. ಒಂದು ಹುಳಾನೂ ಉಳಿದಿಲ್ಲ ನೋಡ್ರಿ."

"ಯಾವ ಹುಳ, ಹುಲಗಪ್ಪ?"

"ನೀವ ಬಿಟ್ಟಿದ್ದಿರಲ್ರೀ. ಆಟೋದಾಗ ಒದರ್ಕೋತ ಹೋದ್ರಲ್ಲ."

ಒದರಿದ್ದು ನಿಜ. ಹಿಂದಿನ ವಾರ ಪ್ರಾಧಿಕಾರದ ಪ್ರಚಾರದ ಆಟೊ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತಿತ್ತು. ಸೂಕ್ಷ್ಮಾಣುಜೀವಿ ಎಂದರೆ ಹಳ್ಳಿಯವರಿಗೆ ತಿಳಿಯದು ಎಂದು ಪ್ರಚಾರ ವಿಭಾಗದ ಯಾರೋ ಪುಣ್ಯಾತ್ಮರು ಭಾಷೆ ಸುಲಭ ಮಾಡಿದ್ದರು: ಆತ್ಮೀಯ ಗ್ರಾಮಸ್ಥರೇ, ನಿಮ್ಮ ಆರೋಗ್ಯಕ್ಕಾಗಿ ನಿಮ್ಮ ನೆಲದ ನೀರಿನಲ್ಲಿ ಕೋಟ್ಯಂತರ ಹುಳುಗಳನ್ನು ಬಿಡಲಾಗಿದೆ. ಅದೇ ವಾರ ಊರಲ್ಲಿ ವಾಂತಿಭೇದಿ ಶುರುವಾಯಿತು. ವಾಂತಿಭೇದಿ ಬಂದಾಗ ನೀರಿಗೆ ಬ್ಲೀಚಿಂಗ್ ಹಾಕುವುದನ್ನು ಈ ಊರಿಗೆ ಆರೋಗ್ಯ ಇಲಾಖೆಯವರು ವರ್ಷಾನುಗಟ್ಟಲೆ ಕಷ್ಟಪಟ್ಟು ಕಲಿಸಿದ್ದರು. ಕಲಿತದ್ದನ್ನು ಊರು ಚಾಚೂ ತಪ್ಪದೆ ಮಾಡಿತ್ತು. ಇದರಲ್ಲಿ ಹುಲಗಪ್ಪನನ್ನು ಬೈಯಲು ಏನಿದೆ? ನೀಲಾಂಬಿಕಾ ಬೈಯಲಿಲ್ಲ. ಅವನ ಕೈಯಿಂದ ಚೀಲ ಇಸಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತಳು. ಕಣ್ಣು ತುಂಬಿ ಬಂದದ್ದು ಕ್ಲೋರಿನ್ನಿಗೆ ಎಂದು ಅವನು ತಿಳಿದುಕೊಂಡ.

"ಎಲ್ಲಾ ಹನ್ನೆರಡೂ?" ಎಂದಳು.

"ಒಂದ್ ಉಳದದ್ರಿ. ಮಾಳವ್ವನ ಹಿತ್ತಲದ್ದು. ಎಮ್ಮಿ ಈದದಂತ, ಹೊರಗಿನವರನ್ನ ಐದು ದಿನ ಒಳಗ ಬಿಡಂಗಿಲ್ಲಂತ. ಹೊಚ್ಚಲಕ್ಕೇ ನಿಂದ್ರಿಸಿ ಬೈದು ಕಳಿಸ್ಯಾಳ. ನಾಳೆ ಮತ್ತ ಹೋಗ್ತೀನಿ."

"ಹೋಗಬ್ಯಾಡ," ಎಂದಳು ನೀಲಾಂಬಿಕಾ. ಎದ್ದು ನಿಂತಿದ್ದಳು.

ಕಂಟೇನರಿಗೆ ಮರಳಿ ಪರದೆಯ ಕೆಳಭಾಗ ನೋಡಿದಳು. ಮಾಳವ್ವನ ಹಿತ್ತಲಿನ ಏಳನೇ ಬೋರಿನ ಗೆರೆ ಎಂದಿನಂತೆ ಹರಿಯುತ್ತಿತ್ತು. ಉಳಿದೆಡೆ ಯುರೇನಿಯಂ ಅಂಕಿಗಳು ಆಗಲೇ ಏರತೊಡಗಿದ್ದವು. ಕ್ಲೋರಿನ್ ಬೋರಿನ ಸುತ್ತಲಿನ ಬ್ಯಾಕ್ಟೀರಿಯಾಗಳನ್ನು ಕೊಂದು ಸುಮ್ಮನಾಗಿರಲಿಲ್ಲ. ಕೂತಿದ್ದ ಯುರೇನಿಯಮ್ಮಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಮತ್ತೆ ನೀರಿಗಿಳಿಸುತ್ತಿತ್ತು. ವರ್ಷಗಳ ಕೆಲಸ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು.

ಪ್ರಾಧಿಕಾರದ ನಿರ್ದೇಶಕ ಪದ್ಮರಾಜರು ವೀಡಿಯೊ ಕರೆಯಲ್ಲಿ ಬಂದು ಹಣೆ ಒತ್ತಿಕೊಂಡರು. ಕೆಟ್ಟ ಮನುಷ್ಯರಲ್ಲ, ಆದರೆ ಯಾವುದಕ್ಕೂ ಒಂದು ನಿಗದಿತ ವಿಧಾನ ಇದ್ದರೆ ಮಾತ್ರ ಅವರಿಗೆ ನಿದ್ದೆ ಬರುತ್ತಿತ್ತು. "ಲ್ಯಾಬಿನಿಂದ ಹೊಸ ಬ್ಯಾಕ್ಟೀರಿಯಾ ಕಲ್ಚರ್ ಕಳಿಸುತ್ತೇವೆ," ಎಂದರು.

"ಲ್ಯಾಬಿನದು ಈ ಸುಣ್ಣದ ನೀರಿಗೆ ಒಗ್ಗುವುದಿಲ್ಲ, ಸರ್. ಮೊದಲ ಸಲ ಕಳಿಸಿದ್ದೂ ಸತ್ತಿತ್ತು. ಈಗ ಇದ್ದದ್ದು ಇಲ್ಲಿಯದೇ ನೆಲದ್ದು. ಏಳನೇ ಬೋರಿನಲ್ಲಿ ಬದುಕಿದೆ. ಅದನ್ನೇ ಹಂಚುತ್ತೇನೆ."

"ಜಾಗದ ಮಾಲೀಕರ ಒಪ್ಪಿಗೆ ಬೇಕಲ್ಲ?"

"ಬೇಕು. ಅದೇ ಕಷ್ಟ," ಎಂದಳು.

ಕಷ್ಟವೇ. ಮಾಳವ್ವ ಎಂದರೆ ಮೊಸರು ಮಾರಿ ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿದ ಹೆಂಗಸು. ಬೋರು ಕೊರೆಯುವಾಗ ಅವಳ ಗಂಡ ಅವಳನ್ನು ಕೇಳದೆ ಸಹಿ ಹಾಕಿದ್ದ. ಗಂಡ ತೀರಿಕೊಂಡರೂ ಆ ಸಿಟ್ಟು ತೀರಿರಲಿಲ್ಲ. ನೀಲಿ ದೀಪವನ್ನು ಅವಳು ಕರೆಯದೆ ಬಂದು ತಳವೂರಿದ ಬೀಗ ಎನ್ನುತ್ತಿದ್ದಳು.

ಸಂಜೆಗೆ ನೀಲಾಂಬಿಕಾ ಹೋದಾಗ ಮಾಳವ್ವ ಅವಳನ್ನೂ ಹೊಸ್ತಿಲಲ್ಲೇ ನಿಲ್ಲಿಸಿದಳು. ಆಮೇಲೆ ಏನನ್ನಿಸಿತೋ, ಅಡುಗೆಮನೆಗೆ ಮಾತ್ರ ಬಿಟ್ಟುಕೊಂಡು ತಾಟಿನಲ್ಲಿ ಎರಡು ತುಂಡು ಗಿಣ್ಣ ಇಟ್ಟಳು. ನೀಲಾಂಬಿಕಾ ತಿನ್ನುತ್ತಾ ಬಂದ ಕೆಲಸ ಹೇಳಿದಳು.

"ಆಗಂಗಿಲ್ಲ," ಎಂದಳು ಮಾಳವ್ವ. "ನಾ ಮೊಸರು ಮಾರೋಕಿ. ನನ್ನ ಹಿತ್ತಲದಾಗಿನ ಹುಳ ಊರಿಗೆಲ್ಲಾ ಹಂಚಿದ್ರು ಅಂತ ಆದ್ರ ನಾಳೆ ನನ್ನ ಮೊಸರು ಯಾರ್ ಮುಟ್ತಾರ? ಯಾವ್ದರ ಕೂಸಿಗೆ ಹೊಟ್ಟಿ ಕೆಟ್ರ ಮಾಳವ್ವನ ಮನಿ ಹುಳ ಅಂತಾರ. ಆ ಹುಲಗ್ಯಾನ್ನ ಕರೀತೀನಿ ತಡಿ, ಹಾಕಿ ಹೋಗ್ಲಿ ಪೌಡರ್."

"ಊರ ಉಳಿಯಂಗಿಲ್ಲ, ಅವ್ವಾ. ನಮ್ಮ ಹಾಲಭಾವಿ ಹಂಗ ಆಗ್ತದ."

"ಊರಿನ ಚಿಂತಿ ಊರ್ ಮಾಡ್ಲಿ."

ಮಾಳವ್ವ ಒಲೆಯ ಮೇಲಿನ ಹಾಲಿನ ಗಡಿಗೆ ಇಳಿಸಿ, ಬೆರಳದ್ದಿ ಬಿಸಿ ನೋಡಿದಳು. ಚಟಿಗೆಯಿಂದ ಒಂದಿಷ್ಟು ಮೊಸರು ತೆಗೆದು ಹಾಲಿಗೆ ಬಿಟ್ಟು, ಮುಚ್ಚಿ, ಮೂಲೆಯಲ್ಲಿಟ್ಟಳು. ಜಾಗ ಮಾಡಿಕೊಡಲೆಂದು ನೀಲಾಂಬಿಕಾ ಗಡಿಗೆಗೆ ಕೈಹಚ್ಚಿದಳು.

"ಅಲಗಾಡಸಬ್ಯಾಡ," ಎಂದು ಮಾಳವ್ವ ಗದರಿದಳು. "ಹೆಪ್ಪು ಹಾಕೀನಿ, ಕಾಣಂಗಿಲ್ಲೇನು? ಕಲಕಿದ್ರ ನೀರೊಡೀತದ."

ಆಗಲೇ ಬಾಗಿಲಲ್ಲಿ ಪಕ್ಕದ ಮನೆಯ ರಜಿಯಾಬಿ ಬಟ್ಟಲು ಹಿಡಿದು ನಿಂತಳು. "ನಂದು ಹೆಪ್ಪು ಕೆಟ್ಟೋಯ್ತು, ಮಾಳವ್ವ. ಒಂದು ಚಮಚಾ ಕೊಡು."

"ದೀಪ ಹಚ್ಚೀನಿ. ಹೆಪ್ಪು ಕೊಡಂಗಿಲ್ಲ. ಮುಂಜಾನಿ ಬಾ," ಎಂದಳು ಮಾಳವ್ವ.

ರಜಿಯಾಬಿ ಗೊಣಗದೆ ಹೋದಳು. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡುವುದಿಲ್ಲ, ಮುಂಜಾನೆ ಇಲ್ಲವೆನ್ನುವುದಿಲ್ಲ. ಎರಡೂ ಆ ಓಣಿಯ ಕಾನೂನು.

ನೀಲಾಂಬಿಕಾಳ ಕೈಯಲ್ಲಿ ಗಿಣ್ಣ ಹಾಗೆಯೇ ಉಳಿಯಿತು. ಇಷ್ಟು ವರ್ಷ ಓದಿದ ಭಾಷೆಯಲ್ಲಿ ಸಿಗದ ಶಬ್ದ ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು.

"ಅವ್ವಾ, ಹಾಲು ಮೊಸರಾಗೋದು ಹೆಂಗ?"

"ಹೆಪ್ಪಿನಿಂದ."

"ಹೆಪ್ಪಿನಾಗ ಏನಿರ್ತದ?"

"ಏನಿರ್ತದ, ಹೆಪ್ಪಿರ್ತದ." ಮಾಳವ್ವನಿಗೆ ರೇಗಿತು. "ಹುಳ ಇರ್ತಾವ ಅಂದಿ ಅಂದ್ರ ನೋಡು, ಗಿಣ್ಣ ಕಸಗೋತೀನಿ."

"ಅನ್ನಂಗಿಲ್ಲ. ಬೋರಿನಾಗ ಇರೋದೂ ಹೆಪ್ಪೇ, ಅವ್ವಾ. ಇದು ಹಾಲಿನ ಹೆಪ್ಪು, ಅದು ನೆಲದ ಹೆಪ್ಪು. ನೀರಿನಾಗ ವಿಷ ಕರಗ್ಯಾದ. ಈ ಹೆಪ್ಪು ಬಿದ್ರ ವಿಷ ಗಟ್ಟಿಯಾಗಿ ಕೆಳಗ ಕೂಡ್ತದ, ನೀರು ತಿಳಿ ಆಗ್ತದ. ಹನ್ನೊಂದು ಕಡಿ ಹೆಪ್ಪು ಸತ್ತದ. ನಿಮ್ಮ ಮನ್ಯಾಗ ಒಂದೇ ಉಳದದ. ಅದಕ್ಕ ಬಂದೀನಿ."

ಮಾಳವ್ವ ಹಿಂಬಾಗಿಲಿನತ್ತ ನೋಡಿದಳು. ಹಿತ್ತಲಿನಲ್ಲಿ ಆ ಕರೆಯದ ಬೀಗ ತನ್ನ ಪಾಡಿಗೆ ನೀಲಿಯಾಗಿ ಉರಿಯುತ್ತಿದ್ದ.

"ಹೆಪ್ಪಂದ್ರ ಹೆಪ್ಪು ಅನ್ನಬೇಕಿಲ್ಲೋ," ಎಂದಳು. "ಹುಳ ಅಂತ ಮೈಕಿನಾಗ ಒದರ್ತಾರಂತ, ಹುಳ ಅಂತ. ಕಲತ ಮಂದಿ."

"ಕೊಡ್ತೀರೇನು?"

"ದೀಪ ಹಚ್ಚೀನಿ ಅಂತ ಹೇಳಿದ್ದು ಕೇಳಿಲ್ಲೇನು? ಮುಂಜಾನಿ ಬಾ."

ಮುಂಜಾನೆ ನೀಲಾಂಬಿಕಾ ಕ್ಯಾನುಗಳೊಂದಿಗೆ ಬಂದಾಗ ಅವಳಿಗಿಂತ ಮೊದಲೇ ಹತ್ತಾರು ಹೆಂಗಸರು ಮಾಳವ್ವನ ಅಂಗಳದಲ್ಲಿದ್ದರು. ರಾತ್ರೋರಾತ್ರಿ ಸುದ್ದಿ ಓಣಿ ದಾಟಿತ್ತು. ಐದು ದಿನ ಯಾರನ್ನೂ ಬಿಡುವುದಿಲ್ಲ ಎಂದಿದ್ದ ಮಾಳವ್ವ ಎಮ್ಮೆಗೆ ಗೋಣಿತಟ್ಟಿನ ಮರೆ ಕಟ್ಟಿ, ಕರುವಿನ ಹಣೆಗೆ ಕಾಡಿಗೆ ಇಟ್ಟು, ದೃಷ್ಟಿಯ ಏರ್ಪಾಡು ತಾನೇ ಮಾಡಿಕೊಂಡಿದ್ದಳು.

ಕೆಲಸ ಸಣ್ಣದಲ್ಲ. ಮೊದಲು ಸತ್ತ ಬೋರುಗಳಿಗೆಲ್ಲ ಕಾಕಂಬಿ ನೀರು ಇಳಿಸಿ ಉಳಿದ ಕ್ಲೋರಿನ್ನನ್ನು ತೀರಿಸಬೇಕಿತ್ತು. ಅದು ತೀರಿದ್ದು ಖಾತ್ರಿಯಾದ ಮೇಲಷ್ಟೇ ಹೆಪ್ಪು. ಏಳನೇ ಬೋರಿನ ತಳದ ನೀರನ್ನು ಮೆಲ್ಲಗೆ, ಗುಳ್ಳೆ ಏಳದ ಹಾಗೆ ಎತ್ತಬೇಕು. ಗಾಳಿ ತಗಲಿದರೆ ಒಳಗಿನವು ಸಾಯುತ್ತವೆ. ಕ್ಯಾನನ್ನು ಕಂಠಮಟ್ಟ ಅಲ್ಲ, ತುಳುಕುವಷ್ಟು ತುಂಬಿ ಮುಚ್ಚಬೇಕು. ಒಳಗೆ ಗಾಳಿಗೆ ಎಡೆಯೇ ಇರಬಾರದು. ಹೆಂಗಸರು ಪ್ರಶ್ನೆ ಕೇಳಲಿಲ್ಲ. ತುಂಬಿದ ಕ್ಯಾನುಗಳನ್ನು ತಲೆಯ ಮೇಲಿಟ್ಟು ಹೊಲದ ಬದುವಿನ ಮೇಲೆ ನಡೆದರು. ಹುಲಗಪ್ಪ ಎಲ್ಲರ ಮುಂದೆ ನಡೆದು ಬೋರಿನ ಮುಚ್ಚಳ ತೆಗೆದುಕೊಟ್ಟ. ಅವನು ಆ ದಿನ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಕಾಯುವ ಕೆಲಸ. ಅದು ಎಲ್ಲಕ್ಕಿಂತ ಕಷ್ಟ. ನೀಲಾಂಬಿಕಾ ಕಂಟೇನರಿನಲ್ಲಿ ಹನ್ನೊಂದು ಮಲಗಿದ ಗೆರೆಗಳನ್ನು ನೋಡುತ್ತಾ ಕೂರುತ್ತಿದ್ದಳು. ಸಂಜೆ ಊರಿಗೆ ಬಂದರೆ ಹೆಂಗಸರು ಒಂದೇ ಪ್ರಶ್ನೆ ಕೇಳುತ್ತಿದ್ದರು, ಹೆಪ್ಪು ಹಿಡೀತೇನು ಎಂದು. ಇನ್ನೂ ಇಲ್ಲ ಎಂದು ಹೇಳಿ ಹೇಳಿ ಅವಳಿಗೆ ನಾಚಿಕೆಯಾಗುತ್ತಿತ್ತು. ಊರ ಬಾವಿಯ ಅಂಕಿ ಮಿತಿ ದಾಟಿ ಮೇಲೆಯೇ ನಿಂತಿತ್ತು. ಟ್ಯಾಂಕರ್ ನೀರು ಕುಡಿಯುತ್ತಾ ಊರು ಕಾಯಿತು.

ಇಂಥದರಲ್ಲಿ ಅವಳನ್ನು ತಪಾಸಣೆಯ ತಯಾರಿಯ ಸಭೆಗೆಂದು ಜಿಲ್ಲಾ ಕಚೇರಿಗೆ ಕರೆಸಿದರು. ಅಲ್ಲಿ ಮಾತಿನ ನಡುವೆ ಪದ್ಮರಾಜರು, "ಚಿಂತೆ ಬೇಡ, ಕಂಪ್ರೆಸರ್ ಗಾಡಿ ಕಳಿಸಿದ್ದೇನೆ. ಕ್ಲೋರಿನ್ ಬಿದ್ದ ಬೋರನ್ನು ಗಾಳಿ ಊದಿ ತೊಳೆಯುವುದು ನಿಗದಿತ ವಿಧಾನ," ಎಂದರು.

ನೀಲಾಂಬಿಕಾ ಕುರ್ಚಿಯಿಂದೆದ್ದಳು. "ಗಾಳಿ ಊದಿದರೆ ಮುಗಿಯಿತು, ಸರ್. ವಾಪಸು ಕರೆಸಿ."

ಅವರು ಫೋನು ಮಾಡಿದರು. ಗಾಡಿಯವರು ಎತ್ತಲಿಲ್ಲ. ನೀಲಾಂಬಿಕಾ ಹುಲಗಪ್ಪನಿಗೆ ಮಾಡಿದಳು, ಅವನೂ ಎತ್ತಲಿಲ್ಲ. ಸಭೆ ಬಿಟ್ಟು ಸ್ಕೂಟರ್ ಓಡಿಸಿದಳು. ದಾರಿಯುದ್ದಕ್ಕೂ ಕಣ್ಣ ಮುಂದೆ ಕಾಲೊನಿಯ ಸಾಲುಮನೆಗಳೇ ಬಂದವು. ತಾಯಿ ಆ ಮನೆಯ ಬಾಗಿಲಲ್ಲಿ ಊರಿನ ಹೆಸರು ಮರೆತವಳಂತೆ ಕೂರುವುದು ಕಂಡಿತು. ಗಣಿಯ ತಿರುವಿನಲ್ಲಿ ಕಂಪ್ರೆಸರ್ ಗಾಡಿ ಎದುರಿಗೇ ಬಂತು. ಕೆಲಸ ಮುಗಿಸಿ ಹೊರಟಿದ್ದಾರೆ ಎಂದುಕೊಂಡು ಸ್ಕೂಟರನ್ನು ಅದಕ್ಕೆ ಅಡ್ಡ ನಿಲ್ಲಿಸಿದಳು.

ಡ್ರೈವರ್ ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದ. "ಎಂಥಾ ಊರ್ರೀ ಇದು ಮೇಡಂ. ಪೈಪ್ ಇಳಸಾಕ ಬಿಡವಲ್ರು. ಒಂದೊಂದು ಬೋರಿನ ಮ್ಯಾಲ ಒಬ್ಬೊಬ್ಬಾಕಿ ಕುಂತುಬಿಟ್ಟಾಳ. ಆ ವಾಟರ್‌ಮನ್ ಗಾಡಿ ಮುಂದೇ ಅಡ್ಡ ಮಲಗ್ಯಾನ."

"ಏನಂದ್ರು?"

"ಹೆಪ್ಪು ಹಾಕೀವಿ, ಕಲಕಬ್ಯಾಡ್ರಿ ಅಂತಾರ. ಬೋರಿಗೆ ಯಾವ ಹೆಪ್ಪು? ನನಗಂತೂ ತಿಳೀಲಿಲ್ಲ."

ನೀಲಾಂಬಿಕಾ ನಕ್ಕಳು. ನಗುತ್ತಲೇ ಅತ್ತಳು. ಡ್ರೈವರ್ ಈಕೆಯೂ ಅದೇ ಊರಿನವಳಿರಬೇಕು ಎಂದುಕೊಂಡು ಗಾಡಿ ಬಿಟ್ಟ.

ಮಳೆ ಹಿಂದೆ ಸರಿದು ಜೋಳದ ಬಿತ್ತನೆ ಶುರುವಾದಾಗ ಆರನೇ ಬೋರಿನ ಗೆರೆ ಮಿಸುಕಿತು. ಅದರ ಹಿಂದೆ ಎಂಟನೆಯದು. ಏಳನೆಯದರ ಎಡಬಲದವು ಅವು. ಹೆಪ್ಪು ಅಕ್ಕಪಕ್ಕದಿಂದಲೇ ಹಿಡಿಯತೊಡಗಿತ್ತು. ದೀಪಗಳು ಮೊದಲು ಮಂಕಾಗಿ, ಆಮೇಲೆ ಧೈರ್ಯವಾಗಿ ಹತ್ತಿದವು. ಕೊನೆಗೆ ಒಂದನೆಯದೂ ಹತ್ತಿತು. ಆ ದಿನ ಹುಲಗಪ್ಪ ಅದರ ಕಟ್ಟೆ ತೊಳೆದು, ಬೇಕಿಲ್ಲದಿದ್ದರೂ ಸುತ್ತ ಮುಳ್ಳಿನ ಬೇಲಿ ಕಟ್ಟಿದ.

ತಪಾಸಣೆಯವರು ದಾರಿ ತಪ್ಪಿ, ಊರಿಗೆ ಬರುವಾಗ ಹೊತ್ತು ಮುಳುಗಿತ್ತು. ಊರ ಬಾವಿಯ ನೀರು ಪರೀಕ್ಷಿಸಿದರು. ಅಂಕಿ ಮಿತಿಯೊಳಗಿತ್ತು. ಹಿರಿಯ ಅಧಿಕಾರಿಗೆ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಮಾಡಿಸಿದರು. ಒಳಗೇ ಇತ್ತು. ಹಾಗಾದರೆ ಬೋರಿನ ತಳದ ನೀರನ್ನೂ ನೋಡೋಣ ಎಂದು ಅವರು ಮಾಳವ್ವನ ಹಿತ್ತಲಿಗೆ ಬಂದು ಏಳನೆಯದರ ಮುಚ್ಚಳಕ್ಕೆ ಕೈಹಾಕಿದರು.

"ದೀಪ ಹಚ್ಚೀನ್ರಿ ಸಾಹೇಬ್ರ," ಎಂದಳು ಮಾಳವ್ವ. "ಈಗ ಹೆಪ್ಪು ಕೊಡಂಗಿಲ್ಲ. ಮುಂಜಾನಿ ಬರ್ರಿ."

ಅಧಿಕಾರಿ ನೀಲಾಂಬಿಕಾಳ ಮುಖ ನೋಡಿದರು. ಊರು ಉಳಿಯುವುದು ಆ ಮನುಷ್ಯನ ಒಂದು ಸಹಿಯ ಮೇಲಿತ್ತು. ನೀಲಾಂಬಿಕಾ ಮಾಳವ್ವನ ಪಕ್ಕ ಹೋಗಿ ನಿಂತಳು.

"ಹೌದು ಸರ್. ಕತ್ತಲಲ್ಲಿ ಅಂದಾಜಿನ ಮೇಲೆ ತೆಗೆದರೆ ಗಾಳಿ ಸೇರುತ್ತದೆ. ಮುಂಜಾನೆ ನಾನೇ ತೆಗೆದುಕೊಡುತ್ತೇನೆ."

ಅಧಿಕಾರಿ ಕೈ ಹಿಂದೆಗೆದುಕೊಂಡರು. ಅಂದು ಪಂಚಾಯ್ತಿ ಕಟ್ಟೆಯಲ್ಲಿ ಮಲಗಿ, ಮುಂಜಾನೆ ನೀರು ನೋಡಿ, ಸುಣ್ಣದಹಾಳದ ಸ್ಥಳಾಂತರದ ಆದೇಶ ರದ್ದುಪಡಿಸಲು ಬರೆದು ಹೋದರು.

ಅವರು ಹೋದ ಮೇಲೆ ಮಾಳವ್ವ ಕೇಳಿದಳು, "ಹಂಗಾರ ವಿಷ ಹೋತೇನು?"

"ಹೋಗಿಲ್ಲ, ಅವ್ವಾ. ಕೆಳಗ ಗಟ್ಟಿಯಾಗಿ ಕುಂತದ. ಕಲಕಿದ್ರ ಮತ್ತ ಏಳ್ತದ."

"ಕಲಕಾಕ ಯಾರ್ ಬಿಡ್ತಾರ?" ಎಂದು ಮಾಳವ್ವ ಎದ್ದಳು. ಬಾಗಿಲ ಹತ್ತಿರ ಖಾಲಿ ಕ್ಯಾನೊಂದು ಇದ್ದದ್ದು ಆಗ ಅವಳ ಕಣ್ಣಿಗೆ ಬಿತ್ತು. "ಇದ್ಯಾಕ ತಂದಿ? ಹನ್ನೆರಡೂ ಹತ್ತ್ಯಾವಲ್ಲ."

"ಹೆಪ್ಪು ಬೇಕಾಗಿತ್ತು, ಅವ್ವಾ."

"ಯಾರ ಮನಿಗೆ?"

ನೀಲಾಂಬಿಕಾ ಮೂಡಲಿಗೆ, ಗಣಿಯ ಕಡೆ ನೋಡಿದಳು. ಹೊಂಡದ ಆಚೆ ಹಾಲಭಾವಿಯ ಮನೆಗಳು ಬಿದ್ದಿದ್ದವು, ಬಾವಿಗಳು ಇದ್ದವು. ತಾಯಿ ಇನ್ನೂ ಇದ್ದಳು.

"ನಮ್ಮ ಮನಿಗೆ," ಎಂದಳು.

ಮಾಳವ್ವ ಆಕಾಶ ನೋಡಿದಳು. ಬಿಸಿಲು ಚೆನ್ನಾಗಿ ಏರಿತ್ತು.

"ಮುಂಜಾನಿ ಇಲ್ಲ ಅನ್ನಂಗಿಲ್ಲ," ಎಂದು ಕ್ಯಾನು ಎತ್ತಿಕೊಂಡು ಹಿತ್ತಲಿಗೆ ನಡೆದಳು. "ಬಾ, ತುಳುಕೋ ಹಂಗ ತುಂಬು."